‘ವಿದೌಟ್ ಯು’ ಯಾರ ಹಾಡು: ಬರೆದವರದೋ, ಹಾಡಿದವರದೋ?

ಕ್ಯಾಸೆಟ್ ಕಾಲದವಳು:
ಅಮೆರಿಕದ ಗಾಯಕಿ ಮರಾಯಾ ಕ್ಯಾರಿಯವರ ಮರೆಯಲಾಗದ ಹಾಡುಗಳ ಬಗ್ಗೆ ನಡೆದ ಮಾತುಕತೆಯಲ್ಲಿ ಹಲವರು ‘ವಿದೌಟ್ ಯು’ ಅವರದೇ ಸ್ವಂತ ರಚನೆ ಎಂದು ಬರೆದಿರುವುದನ್ನು ಕಂಡು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. 1994ರಲ್ಲಿ ಈ ಹಾಡಿದ್ದ ಅವರ ‘ಮ್ಯೂಸಿಕ್ ಬಾಕ್ಸ್’ ಕ್ಯಾಸೆಟ್ಟನ್ನು ಟೇಪು ಸವೆಯುವಷ್ಟು ಕೇಳಿದ ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಎಷ್ಟೋ ವರ್ಷಗಳ ನಂತರ ಅಮೆರಿಕದ ಗಾಯಕ ಹ್ಯಾರಿ ನಿಲ್ಸನ್ ಅದನ್ನೇ 1971ರಲ್ಲಿ ಹಾಡಿದ್ದನ್ನು ಕೇಳಿದಾಗ, ಇಷ್ಟು ದಿನ ಹಾಡಿನ ನೆರಳನ್ನು ಮಾತ್ರ ಪ್ರೀತಿಸಿದ್ದೆನೆಂದು ಅನ್ನಿಸಿತು. ಮೂಲ ಹಾಡನ್ನು ಮೀರಿಸುವ ಮರುಗಾಯನ ಸಾಧ್ಯವಿಲ್ಲ ಎಂಬುದಕ್ಕೆ ನಿಲ್ಸನ್ನರ ಹಾಡೇ ಸಾಕ್ಷಿ ಎಂದು ನನ್ನ ಭಾವನೆ.

ಹಳೆಯ ಎಲ್‌ಪಿ:
ತಮ್ಮ ಪ್ರೀತಿಯನ್ನು ಗೌರವಿಸುತ್ತಲೇ ಒಂದು ತಿದ್ದುಪಡಿಯನ್ನು ಹೇಳಬೇಕಾಗಿದೆ. ನಿಲ್ಸನ್ ಹಾಡಿದ್ದೂ ಮೂಲವಲ್ಲ. ಈ ಹಾಡು ಮೊದಲು ಬಂದದ್ದು ಬ್ಯಾಡ್‌ಫಿಂಗರ್ ಎಂಬ ಬ್ರಿಟಿಷ್ ತಂಡದ ‘ನೋ ಡೈಸ್’ ಎಂಬ ಎಲ್‌ಪಿಯಲ್ಲಿ (ಹಲವು ಹಾಡುಗಳ ಗಾನತಟ್ಟೆಯಲ್ಲಿ), 1970ರಲ್ಲಿ. ಬೀಟಲ್ಸ್ ತಂಡದವರೇ ಸ್ಥಾಪಿಸಿದ ಆಪಲ್ ಕಂಪನಿ ಅದನ್ನು ಹೊರತಂದಿತು. ಬರೆದವರು ತಂಡದ ಇಬ್ಬರು ಸದಸ್ಯರು: ವೇಲ್ಸ್‌ನ ಸ್ವಾನ್ಸಿ ಊರಿನ ಪೀಟ್ ಹ್ಯಾಮ್ ಮತ್ತು ಲಿವರ್‌ಪೂಲಿನ ಟಾಮ್ ಇವಾನ್ಸ್.

ಈ ಹಾಡು ಹುಟ್ಟಿದ ಬಗೆ ನನಗೆ ಬಹಳ ಮುಖ್ಯವೆನಿಸುತ್ತದೆ. ಹ್ಯಾಮ್ ಅವರ ಬಳಿ ‘ಇಫ್ ಇಟ್ಸ್ ಲವ್’ ಎಂಬ ಒಂದು ಹಾಡಿತ್ತು. ಅದರ ಚರಣಗಳು ಚೆನ್ನಾಗಿದ್ದರೂ ಅವುಗಳನ್ನು ಹೊರುವಂತಹ ಪಲ್ಲವಿ ಸಿಕ್ಕಿರಲಿಲ್ಲ. ಇವಾನ್ಸ್ ಅವರ ಬಳಿ ಬೇರೊಂದು ಸಂದರ್ಭದಲ್ಲಿ ಮೂಡಿದ, ನೀನಿಲ್ಲದೆ ಬದುಕಲಾರೆ ಎಂಬ ಅರ್ಥದ ಪಲ್ಲವಿಯೊಂದಿತ್ತು, ಆದರೆ ಅದಕ್ಕೆ ಚರಣಗಳಿರಲಿಲ್ಲ. ಇಬ್ಬರು ಬೇರೆ ಬೇರೆಯಾಗಿ ಅನುಭವಿಸಿದ ಎರಡು ವಿರಹಗಳು ಹೀಗೆ ಒಂದಾದವು. ಚರಣ ಮೆಲ್ಲಗೆ ನೆನಪು ಮಾಡಿಕೊಳ್ಳುತ್ತಿರುವಾಗ ಪಲ್ಲವಿ ಒಮ್ಮೆಲೇ ಕೂಗಿಕೊಳ್ಳುವುದೇಕೆ ಎಂಬುದಕ್ಕೆ ಕಾರಣ ಇಲ್ಲಿಯೇ ಇದೆ. ಬ್ರಿಟನ್ನಿನಲ್ಲಾಗಲಿ ಅಮೆರಿಕದಲ್ಲಾಗಲಿ ತಂಡದವರು ಇದನ್ನು ಸಿಂಗಲ್ ಆಗಿ, ಎಂದರೆ ಬಿಡಿ ಹಾಡಿನ ತಟ್ಟೆಯಾಗಿ, ಬಿಡುಗಡೆ ಮಾಡಲಿಲ್ಲ. ಆ ಎಲ್‌ಪಿಯಿಂದ ಜನಪ್ರಿಯವಾದದ್ದು ‘ನೋ ಮ್ಯಾಟರ್ ವಾಟ್’.

ಶ್ರುತಿಪೆಟ್ಟಿಗೆ:
ತಾವು ಹೇಳಿದ ಸಂಗತಿಗಳೆಲ್ಲ ಸರಿ, ಆದರೆ ಅವು ನಿಲ್ಸನ್ನರ ಪರವಾಗಿಯೇ ವಾದಿಸುತ್ತವೆ. ಆ ಹಾಡನ್ನು ಮೊದಲು ಕೇಳಿದಾಗ ನಿಲ್ಸನ್ ಅದು ಬೀಟಲ್ಸ್ ತಂಡದ್ದೆಂದೇ ತಿಳಿದಿದ್ದರು. ನಿರ್ಮಾಪಕ ರಿಚರ್ಡ್ ಪೆರಿಯವರೊಂದಿಗೆ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೊದಲ್ಲಿ ಅದನ್ನು ಧ್ವನಿಮುದ್ರಿಸಿದಾಗ ಅವರು ಮಾಡಿದ್ದು ಬರೀ ಅನುಕರಣೆಯಲ್ಲ. ಬ್ಯಾಡ್‌ಫಿಂಗರ್ ಹಾಡಿನಲ್ಲಿ ಗಿಟಾರು ಮುಂದಿದೆ, ಪಲ್ಲವಿಯನ್ನು ಒಂದಕ್ಕಿಂತ ಹೆಚ್ಚು ಕಂಠಗಳು ಸೇರಿ ಹಾಡುತ್ತವೆ. ನಿಲ್ಸನ್ನರಲ್ಲಿ ಆರಂಭಕ್ಕೆ ಗ್ಯಾರಿ ರೈಟ್ ನುಡಿಸಿದ ಪಿಯಾನೊ ಮತ್ತು ಒಂಟಿ ಕಂಠ ಮಾತ್ರ. ಪಾಲ್ ಬಕ್‌ಮಾಸ್ಟರ್ ಸಂಯೋಜಿಸಿದ ತಂತಿವಾದ್ಯಗಳು ನಿಧಾನವಾಗಿ ಬಂದು ಸೇರುತ್ತವೆ. ಮೊದಲ ಸಲ ಪಲ್ಲವಿಯನ್ನು ತಗ್ಗಿನಲ್ಲಿ, ತನಗೆ ತಾನೇ ಹೇಳಿಕೊಳ್ಳುವಂತೆ ಹಾಡುವ ನಿಲ್ಸನ್, ಮುಂದಿನ ಸಲ ಅದನ್ನೇ ಒಂದು ಸ್ಥಾಯಿ ಮೇಲಕ್ಕೆ ಒಯ್ಯುತ್ತಾರೆ. ಮಾತು ಅದೇ, ಸ್ವರವೂ ಅದೇ. ಆದರೆ ಮೊದಲು ನಿವೇದನೆಯಾಗಿದ್ದದ್ದು ಈಗ ಆಕ್ರಂದನವಾಗುತ್ತದೆ. ಈ ಏರಿಕೆ ಮೂಲದಲ್ಲಿಲ್ಲ, ಮತ್ತು ಇಂದು ಲೋಕ ಈ ಹಾಡೆಂದು ಗುರುತಿಸುವುದು ಇದನ್ನೇ. 1972ರಲ್ಲಿ ಅದು ಅಮೆರಿಕದಲ್ಲಿ ನಾಲ್ಕು ವಾರ, ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ನಿಲ್ಸನ್ನರಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು.

ಹಳೆಯ ಎಲ್‌ಪಿ:
ಗಾಯನದ ವಿಷಯದಲ್ಲಿ ತಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಏರಿಸಲು ಯೋಗ್ಯವಾದ ಪಲ್ಲವಿಯೊಂದು ಇದ್ದದ್ದರಿಂದಲೇ ಅದನ್ನು ಏರಿಸಲು ಸಾಧ್ಯವಾಯಿತಲ್ಲವೇ?

ಮಂದ್ರ:
ನಮ್ಮಲ್ಲಿ ಈ ಪ್ರಶ್ನೆ ಹೊಸದಲ್ಲ. ಪುರಂದರದಾಸರ ಒಂದೇ ಪದವನ್ನು ಬೇರೆ ಬೇರೆ ವಿದ್ವಾಂಸರು ಬೇರೆ ಬೇರೆ ರಾಗಗಳಲ್ಲಿ ಹಾಡುತ್ತಾರೆ. ದಾಸರು ಹೇಗೆ ಹಾಡಿದ್ದರೆಂದು ಕೇಳದೆಯೇ ನಾವು ತಲೆದೂಗುತ್ತೇವೆ. ಹಾಡು ಹಾಡುವವರಿಂದ ಹಾಡುವವರಿಗೆ ಬೆಳೆಯುತ್ತದೆ ಎಂದು ಒಪ್ಪಿಕೊಂಡರೆ ಈ ಜಗಳವೇ ಉಳಿಯುವುದಿಲ್ಲ.

ಲೆಕ್ಕದ ಪುಸ್ತಕ:
ಹೋಲಿಕೆ ಸುಂದರವಾಗಿದೆ, ಆದರೆ ಇಲ್ಲಿ ಹೊಂದುವುದಿಲ್ಲ. ದಾಸರ ಪದಕ್ಕೆ ಅಂಕಿತವಿದೆ. ಯಾರು ಯಾವ ರಾಗದಲ್ಲಿ ಹಾಡಿದರೂ ‘ಪುರಂದರ ವಿಠಲ’ ಎಂದೇ ಮುಗಿಯಬೇಕು, ಆದ್ದರಿಂದ ಕರ್ತೃವಿನ ಹೆಸರು ಹಾಡಿನೊಳಗೇ ಉಳಿಯುತ್ತದೆ. ಪಾಪ್ ಹಾಡಿಗೆ ಅಂಕಿತವಿಲ್ಲ, ಇರುವುದು ರಾಯಧನ (ರಾಯಲ್ಟಿ) ಮಾತ್ರ. ಧ್ವನಿಮುದ್ರಿಕೆಯ ಹಕ್ಕು ಬೇರೆ, ರಚನೆಯ ಹಕ್ಕು ಬೇರೆ. ಒಮ್ಮೆ ಪ್ರಕಟವಾದ ಹಾಡನ್ನು ನಿಗದಿತ ಶುಲ್ಕ ಕೊಟ್ಟು ಯಾರು ಬೇಕಾದರೂ ಹಾಡಬಹುದು. ಅಮೆರಿಕದಲ್ಲಿ 1909ರಿಂದ 1978ರ ಆರಂಭದವರೆಗೆ ಈ ಶುಲ್ಕ ಧ್ವನಿಮುದ್ರಿಕೆಯ ಒಂದೊಂದು ಪ್ರತಿಗೆ ಎರಡೇ ಸೆಂಟುಗಳಿತ್ತು, ಅದರಲ್ಲಿ ಪ್ರಕಾಶಕರಿಗೂ ಪಾಲು ಹೋಗುತ್ತಿತ್ತು. ಆದರೂ ನಿಲ್ಸನ್ನರ ಹಾಡು ಮಾರಾಟವಾದ ಪ್ರಮಾಣದಲ್ಲಿ ಅದು ಬರೆದವರ ಬಾಳನ್ನು ಹಸನು ಮಾಡಬೇಕಿತ್ತು.

ಹಾಗಾಗಲಿಲ್ಲ. ವ್ಯವಹಾರದ ಗೋಜಲಿನಲ್ಲಿ ತಂಡದ ಹಣ ತಂಡದ ಕೈಗೆ ಸಿಗದಾಯಿತು. 1975ರ ಏಪ್ರಿಲ್‌ನಲ್ಲಿ, ಇಪ್ಪತ್ತೆಂಟನೆಯ ಹುಟ್ಟುಹಬ್ಬಕ್ಕೆ ಮೂರು ದಿನ ಇರುವಾಗ, ಪೀಟ್ ಹ್ಯಾಮ್ ಆತ್ಮಹತ್ಯೆ ಮಾಡಿಕೊಂಡರು. ಇದೇ ಹಾಡಿನ ರಾಯಧನದ ಹಂಚಿಕೆಯ ಬಗ್ಗೆ ಮುಂದೆ ತಂಡದೊಳಗೇ ವಿವಾದಗಳಾದವು. 1983ರ ನವೆಂಬರ್‌ನಲ್ಲಿ ಟಾಮ್ ಇವಾನ್ಸ್ ಅವರೂ ಹಾಗೆಯೇ ತೀರಿಕೊಂಡರು. ಹಾಡು ಎಲ್ಲರದೂ ಎಂಬ ಉದಾರ ಮಾತನ್ನು ಈ ಇಬ್ಬರ ಹೆಸರು ಹೇಳದೆ ಆಡುವುದು ನನ್ನಿಂದಾಗದು.

ಮಂದ್ರ:
ಅಂಕಿತದ ಮಾತು ನನಗೆ ಹೊಳೆದಿರಲಿಲ್ಲ. ನನ್ನ ಹೋಲಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ.

ಶ್ರುತಿಪೆಟ್ಟಿಗೆ:
ಲೆಕ್ಕದ ಪುಸ್ತಕದವರ ಮಾತಿಗೆ ನನ್ನ ವಿರೋಧವಿಲ್ಲ. ಆದರೆ ನಿಲ್ಸನ್ನರನ್ನು ಪರರ ಫಲ ಉಂಡವರಂತೆ ಕಾಣುವುದೂ ಸಲ್ಲದು. ಅವರೂ ಮೊದಲಿಗೆ ಹಾಡು ಬರೆಯುವವರೇ. ಅವರ ರಚನೆಯಾದ ‘ಒನ್’ ಹಾಡನ್ನು 1969ರಲ್ಲಿ ಅಮೆರಿಕದಲ್ಲಿ ಮನೆಮಾತಾಗಿಸಿದ್ದು ತ್ರೀ ಡಾಗ್ ನೈಟ್ ಎಂಬ ತಂಡ. ಅತ್ತ ನಿಲ್ಸನ್ನರಿಗೆ ಗ್ರ್ಯಾಮಿ ತಂದ ಎರಡು ಹಾಡುಗಳಲ್ಲಿ ‘ಎವ್ರಿಬಡೀಸ್ ಟಾಕಿನ್’ ಫ್ರೆಡ್ ನೀಲ್ ಅವರದು, ಇನ್ನೊಂದು ನಾವು ಚರ್ಚಿಸುತ್ತಿರುವ ಈ ಹಾಡು. ತನ್ನ ಮಾತು ಬೇರೆಯವರ ಬಾಯಲ್ಲಿ ಕೀರ್ತಿ ಪಡೆಯುವುದೆಂದರೇನೆಂದು ಅವರಷ್ಟು ಚೆನ್ನಾಗಿ ಬಲ್ಲವರು ಕಡಿಮೆ.

ಕ್ಯಾಸೆಟ್ ಕಾಲದವಳು:
ಎಲ್ಲರ ಬರಹಗಳನ್ನು ಓದಿದ ಮೇಲೆ ನಿನ್ನೆ ರಾತ್ರಿ ಮೂರು ಧ್ವನಿಮುದ್ರಿಕೆಗಳನ್ನೂ ಒಂದರ ಹಿಂದೆ ಒಂದರಂತೆ ಕೇಳಿದೆ. ನಿಲ್ಸನ್ನರದು ಮೂಲವೆಂದು ನಾನು ಬರೆದದ್ದು ತಪ್ಪು, ಅದನ್ನು ಒಪ್ಪುತ್ತೇನೆ. ಕ್ಯಾರಿಯವರು ಅನುಸರಿಸಿರುವುದು ಸ್ಪಷ್ಟವಾಗಿ ನಿಲ್ಸನ್ನರ ದಾರಿಯನ್ನೇ: ಅದೇ ಪಿಯಾನೊ, ಅದೇ ತಗ್ಗು, ಅದೇ ಏರು. ವಾಲ್ಟರ್ ಅಫನಾಸಿಯಫ್ ಅವರೊಂದಿಗಿನ ನಿರ್ಮಾಣದಲ್ಲಿ ಅವರು ಸೇರಿಸಿದ್ದು ಹಿನ್ನೆಲೆಯ ಮೇಳ ಮತ್ತು ಕೊನೆಯಲ್ಲಿ ಸ್ವರಗಳನ್ನು ಜಾರಿಸಿ ಸುತ್ತಿಸುವ ತಮ್ಮದೇ ಅಲಂಕಾರ. 1994ರ ಜನವರಿ 15ರಂದು ನಿಲ್ಸನ್ ನಿಧನರಾದರು; ಅದೇ ತಿಂಗಳು ಕ್ಯಾರಿಯವರ ಸಿಂಗಲ್ ಬಿಡುಗಡೆಯಾಯಿತು. ಬ್ರಿಟನ್ನಿನಲ್ಲಿ ಅದು ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು, ಅಮೆರಿಕದಲ್ಲಿ ಮೂರನೆಯ ಸ್ಥಾನಕ್ಕೇರಿತು. ಆ ಕ್ಯಾಸೆಟ್ಟನ್ನು ಕೇಳುತ್ತಾ ಕುಳಿತಿದ್ದ ನನಗೆ ಆಗ ನಿಲ್ಸನ್ನರ ಹೆಸರೂ ತಿಳಿದಿರಲಿಲ್ಲ.

1970ರ ಹಾಡಿನ ಬಗ್ಗೆಯೂ ಒಂದು ಮಾತು. ಮೊದಲ ಸಲ ಅದು ಒರಟಾಗಿ, ಅಪೂರ್ಣವಾಗಿ ಕೇಳಿಸಿತು. ಎರಡನೆಯ ಸಲ ಕೇಳುವಾಗ ಹಳೆಯ ಎಲ್‌ಪಿಯವರು ಹೇಳಿದ ಎರಡು ತುಂಡುಗಳ ಕತೆ ಮನಸ್ಸಿನಲ್ಲಿತ್ತು. ಚರಣ ಮುಗಿದು ಪಲ್ಲವಿ ಆರಂಭವಾಗುವ ಜಾಗದಲ್ಲಿ ಇನ್ನೊಂದು ಕಂಠ ಬಂದು ಸೇರುವುದನ್ನು ಗಮನಿಸಿದೆ. ನಿಲ್ಸನ್ನರಲ್ಲಿಯೂ ಕ್ಯಾರಿಯವರಲ್ಲಿಯೂ ಆ ಜಾಗದಲ್ಲಿ ಒಬ್ಬರೇ ನಿಂತಿರುತ್ತಾರೆ. ಅಲ್ಲಿ ಮಾತ್ರ ಇಬ್ಬರಿದ್ದಾರೆ.