ಸ್ವಿಚ್‌ಗೆ ಬ್ಯಾಟ್‌ಮ್ಯಾನ್ ಆರ್ಕಮ್ ಟ್ರಿಲಜಿ ತಗೋಬಹುದಾ? ಆಡಿದವರು ಹೇಳಿ

ದಾವಣಗೆರೆ ಚಿಕ್ಕಮ್ಮ:
ಅಕ್ಕನ ಮಗನಿಗೆ ಮುಂದಿನ ತಿಂಗಳು 9 ತುಂಬುತ್ತದೆ. ಅವನ ಹತ್ತಿರ ಸ್ವಿಚ್ ಲೈಟ್ ಇದೆ, ನಿಂಟೆಂಡೊದವರ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. ಬಾಯಿ ಬಿಟ್ಟರೆ ಬ್ಯಾಟ್‌ಮ್ಯಾನ್. ಅಂಗಡಿಯವರು ಆರ್ಕಮ್ ಟ್ರಿಲಜಿ ತೋರಿಸಿ "ಮೂರು ಗೇಮ್ ಒಂದೇ ಡಬ್ಬದಲ್ಲಿ" ಎಂದರು. 4,900 ಹೇಳುತ್ತಿದ್ದಾರೆ. ಚೆನ್ನಾಗಿಲ್ಲ ಅಂತಲೂ ಒಬ್ಬರು ಹೇಳಿದರು. ನನಗೆ ಗೇಮಿನ ಗಂಧಗಾಳಿ ಇಲ್ಲ. ಹುಡುಗ ಸಪ್ಪಗಾಗಬಾರದು, ಅಷ್ಟೇ.

ರಾತ್ರಿಗಾವಲು (ಬೆಂಗಳೂರು):
ಮೇಡಂ, ಈ ಡಬ್ಬದ ಕಥೆ ನನ್ನನ್ನು ಕೇಳಿ. 2023ರ ಅಕ್ಟೋಬರ್ 13ಕ್ಕೆ ಬರುತ್ತೆ ಎಂದಿದ್ದರು. ಡಿಸೆಂಬರ್ 1ಕ್ಕೆ ಮುಂದೂಡಿದರು. ನಾನು ಅಡ್ವಾನ್ಸ್ ಕೊಟ್ಟಾಗಿತ್ತು. ಅಂಗಡಿಯವನು 4,499 ಎಂದಿದ್ದವನು ಮಾಲು ಬಂದ ದಿನ "ಡಿಮ್ಯಾಂಡ್ ಜಾಸ್ತಿ ಸರ್" ಅಂತ 5,200 ಮಾಡಿದ. ಮನೆಗೆ ತಂದು ಹಾಕಿದರೆ ಕಾರ್ಟ್ರಿಜ್ ಒಳಗೆ ಇರೋದು ಮೊದಲನೇ ಗೇಮ್ ಅಸೈಲಮ್ ಒಂದೇ! ಉಳಿದ ಸಿಟಿ, ನೈಟ್ ಎರಡನ್ನೂ ಡೌನ್‌ಲೋಡ್ ಮಾಡಿಕೊಳ್ಳಬೇಕು. ಸ್ವಿಚ್‌ನ 32 ಜಿಬಿಯಲ್ಲಿ ಜಾಗ ಎಲ್ಲಿಂದ ಬರಬೇಕು? 128 ಜಿಬಿ ಮೆಮೊರಿ ಕಾರ್ಡ್‌ಗೆ 1,150. ಬ್ರಾಡ್‌ಬ್ಯಾಂಡ್ ಅದೇ ಹೊತ್ತಿಗೆ ಕೈಕೊಟ್ಟಿತು, ಮೊಬೈಲ್ ಡೇಟಾ ಪ್ಯಾಕ್‌ಗೆ 301. ಒಟ್ಟು 6,651 ರೂಪಾಯಿ.

ಅಸೈಲಮ್, ಸಿಟಿ ಪರವಾಗಿಲ್ಲ. 2009, 2011ರ ಆಟಗಳು, ನಡೆಯುತ್ತೆ. ನೈಟ್ 2015ರದು, ಟಿವಿಗೆ ಹಾಕಿ ಆಡೋ ಪಿಎಸ್4 ಕಾಲದ್ದು. ಅದರಲ್ಲಿ 8 ಜಿಬಿ ರ‍್ಯಾಮ್, ಸ್ವಿಚ್‌ನಲ್ಲಿ 4. ಕಟ್ಟಡದ ತುದಿಯಿಂದ ಹಾರಿ ಕೇಪ್ ಬಿಚ್ಚಿದರೆ ಸಾಕು, ಚಿತ್ರ ತಡವರಿಸುತ್ತದೆ. ಬ್ಯಾಟ್‌ಮೊಬೈಲ್ ಜೋರಾಗಿ ಓಡಿಸಿದರೆ ನಾನು ಮೊದಲು ಮುಟ್ಟುತ್ತೇನೆ, ಗೋಡೆಯ ಬಣ್ಣ ಆಮೇಲೆ ಬರುತ್ತದೆ. ಒಮ್ಮೆ ಟ್ಯಾಂಕ್ ಫೈಟ್ ಮಧ್ಯೆ ಗೇಮೇ ಮುಚ್ಚಿಕೊಂಡಿತು. ಆಮೇಲೆ ತಪ್ಪು ತಿದ್ದೋ ಪ್ಯಾಚ್ ಬಂತು, ಸ್ವಲ್ಪ ಸುಧಾರಿಸಿತು. ಸ್ವಲ್ಪ ಅಂದರೆ ಸ್ವಲ್ಪವೇ.

ಡೆಕ್ ಧಾರವಾಡ:
ಅದಕ್ಕೇ ನಾನು ಸ್ಟೀಮ್ ಡೆಕ್ ತಗೊಂಡೆ ನೋಡ್ರಿ, ಪಿಸಿ ಗೇಮ್ ಕೈಯಾಗ ಹಿಡಿದು ಆಡೋ ಯಂತ್ರ. ಇಲ್ಲಿ ಅಧಿಕೃತವಾಗಿ ಮಾರೋದಿಲ್ಲ. ಡಲ್ಲಾಸ್‌ನಿಂದ ನಮ್ಮ ಭಾವ ತಂದ. 64 ಜಿಬಿದು, ಆಗ 399 ಡಾಲರ್. ಮೇಲೆ ಅಲ್ಲಿಯ ಟ್ಯಾಕ್ಸ್, ಸ್ಕ್ರೀನ್ ಗ್ಲಾಸ್, 512 ಜಿಬಿ ಕಾರ್ಡ್, ಭಾವನಿಗೆ ಎರಡು ಕೆಜಿ ಪೇಡೆ. ಆದರೆ ನೈಟ್ ಬೆಣ್ಣೆಯಂಗ ಓಡ್ತದ. ಮೂರೂ ಆಟಕ್ಕೆ ಸೇಲ್‌ನಲ್ಲಿ ಕೊಟ್ಟದ್ದು ಗಾವಲು ಸರ್ ಹಾಕಿಸಿದ ಡೇಟಾ ಪ್ಯಾಕ್‌ನಷ್ಟು ಇರಬಹುದು.

ರಾತ್ರಿಗಾವಲು:
ಪೇಡೆ ಲೆಕ್ಕ ಬೇಡ ಗುರು. ನಿನ್ನ ಭಾವ ಅಮೆರಿಕದಲ್ಲಿದ್ದಾನೆ, ಎಲ್ಲರ ಭಾವನೂ ಇರ್ತಾನಾ? ಪಿಸಿ ಆವೃತ್ತಿಯ ಬಡಾಯಿ ಮಾತ್ರ ಬೇಡ. 2015ರ ಜೂನ್‌ನಲ್ಲಿ ಇದೇ ನೈಟ್ ಪಿಸಿಯಲ್ಲಿ ಎಷ್ಟು ಕೆಟ್ಟದಾಗಿತ್ತು ಅಂದರೆ ಮಾರಾಟವನ್ನೇ ನಿಲ್ಲಿಸಿದರು. ಅಕ್ಟೋಬರ್ ಕೊನೆಗೆ ಮತ್ತೆ ತಂದರು. ನೀನು ಆಡಿದ್ದು ನಾವು ಬೈದು ಸರಿ ಮಾಡಿಸಿದ್ದನ್ನು.

ಡೆಕ್ ಧಾರವಾಡ:
ಸರಿ ಮಾಡಿಸಿದ್ರಲ್ಲ, ಭಾಳ ಉಪಕಾರ ಆತು. ನಿಮ್ಮ ಸ್ವಿಚ್‌ನಾಗೂ ಬೈದು ಸರಿ ಮಾಡಿಸ್ರಿ ಹಂಗಾರ.

ವೀಟಾ ಮೈಸೂರು:
ನೀವಿಬ್ಬರೂ ಪೋರ್ಟ್ ಬಗ್ಗೆ, ಅಂದರೆ ಬೇರೆ ಯಂತ್ರದಿಂದ ಇಳಿಸಿ ತಂದ ಆಟದ ಬಗ್ಗೆ ಅಳ್ತಾ ಇದ್ದೀರಿ. ನಮಗೆ ಪೋರ್ಟೂ ಸಿಗಲಿಲ್ಲ. 2013ರ ಅಕ್ಟೋಬರ್‌ನಲ್ಲಿ ಟಿವಿಗೆ ಆಡೋರಿಗೆ ಆರ್ಕಮ್ ಒರಿಜಿನ್ಸ್ ಬಂತು, ಕೈಯಲ್ಲಿ ಹಿಡಿದು ಆಡೋ ವೀಟಾ ಮತ್ತು 3ಡಿಎಸ್‌ಗೆ ಬ್ಲ್ಯಾಕ್‌ಗೇಟ್ ಬಂತು. ಡಬ್ಬದ ಮೇಲೆ ಅದೇ ಒರಿಜಿನ್ಸ್ ಹೆಸರು. ಒಳಗೆ ಎಡದಿಂದ ಬಲಕ್ಕೆ ಓಡುವ ಆಟ. ಮಾಡಿದವರು ಸಾಮಾನ್ಯರಲ್ಲ, ಮೆಟ್ರಾಯ್ಡ್ ಪ್ರೈಮ್ ಅನ್ನೋ ಗೇಮ್‌ನಲ್ಲಿ ದುಡಿದವರು ಕಟ್ಟಿದ ಸ್ಟುಡಿಯೊ. ಅದಕ್ಕೇ ಹೊಟ್ಟೆ ಉರಿಯೋದು. ಓಡೋದು ಪಕ್ಕಕ್ಕೆ, ನಕ್ಷೆ ತೋರಿಸೋದು ಮೇಲಿನಿಂದ! ವಿಲನ್ ಪೆಂಗ್ವಿನ್ ಇರೋ ಜೈಲಿನ ಸೆಲ್ ಬ್ಲಾಕ್‌ನಲ್ಲಿ ಮೇಲಿನ ಮಹಡಿ ಯಾವುದು, ಕೆಳಗಿನದು ಯಾವುದು ಅಂತ ಕಡೆಗೆ ನೋಟ್‌ಬುಕ್‌ನಲ್ಲಿ ನಾನೇ ಗೀಟು ಎಳೆದುಕೊಂಡೆ. ಬಾತುಕೋಳಿ ಮುದುಕನ್ನ ಹುಡುಕೋಕೆ ಗ್ರಾಫ್ ಶೀಟ್ ಬೇಕಾ?

ಖರ್ಚು ಕೇಳಿ. ಗೇಮ್ 2,499. ವೀಟಾಗೆ ಮಾಮೂಲಿ ಎಸ್‌ಡಿ ಕಾರ್ಡ್ ಹಿಡಿಯೋದಿಲ್ಲ, ಅದರದ್ದೇ ಕಾರ್ಡ್ ಬೇಕು. 16 ಜಿಬಿಗೆ 3,000ದ ಹತ್ತಿರ ಇಸಕೊಂಡರು. ಆಮೇಲೆ ಅದು ಒಂದು ದಿನ ಫಾರ್ಮ್ಯಾಟ್ ಮಾಡು ಅಂತು. ಸೇವ್ ಎಲ್ಲ ಹೋಯ್ತು. 1,150ಕ್ಕೆ 128 ಜಿಬಿ ಸಿಕ್ಕವರು ಅಳಬಾರದು.

ಪಿಎಸ್‌ಪಿ ಪುತ್ತೂರು:
ಎಂತ ಮಾರಾಯ್ರೇ, ಇದೆಲ್ಲ ಹೊಸ ಸಂಗತಿಯಾ? ಹೆಸರು ಒಂದು, ಒಳಗೆ ಇನ್ನೊಂದು ಅನ್ನೋದು ಸ್ಪೈಡರ್‌ಮ್ಯಾನ್ 2ರಿಂದಲೇ ಉಂಟು. ಟಿವಿಗೆ ಹಾಕುವ ಪಿಎಸ್2ನಲ್ಲಿ ಇಡೀ ಮ್ಯಾನ್‌ಹ್ಯಾಟನ್ ಮೇಲೆ ಜೋತಾಡಬಹುದಿತ್ತು. ಕೈಯಲ್ಲಿ ಹಿಡಿಯುವ ಪಿಎಸ್‌ಪಿಯಲ್ಲಿ ತುಂಡು ತುಂಡು ಲೆವೆಲ್. ಕಿಟಕಿಯಿಂದ ನಗರ ಕಾಣುತ್ತದೆ, ಹೋಗಲಿಕ್ಕೆ ಆಗುವುದಿಲ್ಲ. ಮಂಗಳೂರಿನಿಂದ ತರಿಸಿದ್ದು, ಆಗಿನ ಕಾಲಕ್ಕೆ 1,999. ಅಪ್ಪ ಈಗಲೂ ಆ ಬಿಲ್ಲಿನ ಮಾತು ತೆಗೀತಾರೆ.

ವೀಟಾ ಮೈಸೂರು:
ಪಿಎಸ್‌ಪಿಯವರು ದುಡ್ಡು ಕೊಟ್ಟು ಗೇಮ್ ತಗೊಂಡ್ರಾ? ಎಲ್ಲರೂ ಮೆಮೊರಿ ಸ್ಟಿಕ್‌ಗೆ ಅಂಗಡಿಯಲ್ಲೇ 50 ರೂಪಾಯಿಗೆ ತುಂಬಿಸಿಕೊಳ್ತಿದ್ದದ್ದು ನಮಗೆ ಗೊತ್ತಿಲ್ವಾ?

ಪಿಎಸ್‌ಪಿ ಪುತ್ತೂರು:
ಪಿಎಸ್‌ಪಿಯ ಡಿಸ್ಕ್ ಯುಎಂಡಿ, ಡಬ್ಬ ಸಮೇತ ಇನ್ನೂ ಉಂಟು. ಫೋಟೊ ಹಾಕ್ಲಾ? ನಿಮ್ಮ ಊರಿನವರ ಬುದ್ಧಿ ನಮಗೆ ಅಂಟಿಸಬೇಡಿ.

ವೀಟಾ ಮೈಸೂರು:
ಊರಿನ ಸುದ್ದಿ ಯಾಕೆ ಬಂತು ಇಲ್ಲಿ?

ಡಿಜಿಟಲ್ ಹಾಸನ:
ಜಗಳ ಬಿಡಿ, ನನ್ನದು ಕೇಳಿ. ಕಾರ್ಟ್ರಿಜ್ ಗೋಳೇ ಬೇಡ ಅಂತ ನಿಂಟೆಂಡೊದ ಆನ್‌ಲೈನ್ ಅಂಗಡಿ ಈಶಾಪ್‌ನಲ್ಲಿ ಟ್ರಿಲಜಿ ತಗೊಂಡೆ. ಭಾರತಕ್ಕೆ ಈಶಾಪ್ ಇಲ್ಲ, ಅಮೆರಿಕದ ಅಕೌಂಟ್. ನನ್ನ ಬ್ಯಾಂಕ್ ಕಾರ್ಡ್ ತಗೊಳ್ಳಲಿಲ್ಲ. ಗಿಫ್ಟ್ ಕೋಡ್ ಮಾರುವವರ ಹತ್ತಿರ 50 ಡಾಲರ್‌ದು ಒಂದು, 10ರದು ಒಂದು ತಗೊಂಡೆ. ಗೇಮ್ 59.99. ಸರಿಹೋಯ್ತು ಅಂತ ಕೊಳ್ಳಲು ಒತ್ತಿದರೆ ಮೇಲೆ ಸೇಲ್ಸ್ ಟ್ಯಾಕ್ಸ್! ಅಕೌಂಟ್ ಮಾಡುವಾಗ ಕಂಡ ಪಿನ್‌ಕೋಡ್ ಹಾಕಿದ್ದೆ, ಆ ರಾಜ್ಯದಲ್ಲಿ ಟ್ಯಾಕ್ಸ್ ಇದೆ. ಇನ್ನೊಂದು 10ರ ಕೋಡ್, ಅದಕ್ಕೂ ಕಮಿಷನ್. ಉಳಿದ ಐದು ಚಿಲ್ಲರೆ ಡಾಲರ್ ಇನ್ನೂ ವ್ಯಾಲೆಟ್‌ನಲ್ಲಿ ಕೊಳೀತಾ ಇದೆ. ಕಾರ್ಟ್ರಿಜ್ ಆದರೆ ಮಾರಬಹುದು, ಇದನ್ನು ಯಾರಿಗೆ ಮಾರಲಿ?

ಆದರೂ ನೈಟ್ ಮುಗಿಸಿದೆ. ಸೆಕೆಂಡಿಗೆ 30 ಫ್ರೇಮ್‌ಗಿಂತ ಕೆಳಗೆ ಹೋದರೆ ಏನಾಯ್ತು? ಕಥೆ ನೋಡಬೇಕು. ನಿಮಗೆ ಕಣ್ಣು ಜಾಸ್ತಿ ಸೂಕ್ಷ್ಮ.

ರಾತ್ರಿಗಾವಲು:
ಅಷ್ಟು ದುಡ್ಡು ಕೊಟ್ಟ ಮೇಲೆ ಚೆನ್ನಾಗಿದೆ ಅನ್ನಲೇಬೇಕಲ್ವಾ.

ಎಡಿಸನ್ ಅಮ್ಮ (ನ್ಯೂಜೆರ್ಸಿ):
ಒಂದು ನಿಮಿಷ. ಆಡೋ ಹುಡುಗನಿಗೆ ಒಂಬತ್ತು ವರ್ಷ ಕಣ್ರೀ! ಯಾರಾದರೂ ಓದಿದ್ರಾ? ಅಸೈಲಮ್, ಸಿಟಿ ಇಲ್ಲಿ ಹದಿಹರೆಯದವರಿಗೆ ಅಂತ ಗುರುತು ಹಾಕಿದ ಆಟಗಳು. ನೈಟ್ 17 ದಾಟಿದವರಿಗೆ. ನನ್ನ ಮಗ ಅಸೈಲಮ್‌ನಲ್ಲಿ ಸ್ಕೇರ್‌ಕ್ರೋ ಬರೋ ಭಾಗ ನೋಡಿ ನಮ್ಮ ಮಂಚಕ್ಕೆ ಬಂದು ಮಲಗಿದ.

ನಾನೂ ಡಬ್ಬ ನೋಡಿಯೇ ಕೊಂಡವಳು. ಲೆಗೊ ಮಾರ್ವೆಲ್ 3ಡಿಎಸ್‌ಗೆ ತಂದೆ. ಟಿವಿಯದರಲ್ಲಿ ನ್ಯೂಯಾರ್ಕ್ ತುಂಬ ಓಡಾಡಬಹುದು, ಅದರಲ್ಲಿ ನ್ಯೂಯಾರ್ಕೇ ಇಲ್ಲ. ನಾವು ರೈಲು ಹತ್ತಿದರೆ ನ್ಯೂಯಾರ್ಕ್, ಮಗು ಕೈಯಲ್ಲಿರೋ ಆಟದಲ್ಲಿಲ್ಲ. ರಜೆಗೆ ಬಂದಾಗ ಬೆಂಗಳೂರಲ್ಲಿ ಇನ್ನೊಂದು ಕಾರ್ಟ್ರಿಜ್ ಕೊಡಿಸಿದೆ, ಅದು ಯುರೋಪಿನದು. 3ಡಿಎಸ್‌ಗೆ ರೀಜನ್ ಲಾಕ್, ನಮ್ಮ ಅಮೆರಿಕದ ಯಂತ್ರದಲ್ಲಿ ಓಡಲೇ ಇಲ್ಲ. ವಾಪಸ್ ತಗೊಳ್ಳಿ ಅಂದರೆ ಅಂಗಡಿಯವರು "ಸೀಲ್ ಒಡೆದಿದೆ ಅಕ್ಕ" ಅಂದರು. ಸ್ವಿಚ್‌ನಲ್ಲಿ ಆ ಲಾಕ್ ಇಲ್ಲ, ಅಷ್ಟು ಪುಣ್ಯ. 2021ರಲ್ಲಿ ಸ್ವಿಚ್‌ಗೆ ಬಂದ ಲೆಗೊ ಮಾರ್ವೆಲ್ ಪೂರ್ತಿ ಆಟ, ನ್ಯೂಯಾರ್ಕ್ ಸಮೇತ. ಬ್ಯಾಟ್‌ಮ್ಯಾನೇ ಬೇಕಾದರೆ ಲೆಗೊ ಡಿಸಿ ಸೂಪರ್ ವಿಲನ್ಸ್ ನೋಡಿ. ಕಥೆ ವಿಲನ್‌ಗಳದು, ಅವನೂ ಬರ್ತಾನೆ.

ಡೆಕ್ ಧಾರವಾಡ:
ಲೆಗೊ ಏನು ಗೇಮ್ ರೀ ಅಕ್ಕಾರ? ಬರೇ ಇಟ್ಟಿಗಿ ಒಡೆಯೋದು.

ಎಡಿಸನ್ ಅಮ್ಮ:
ಒಂಬತ್ತು ವರ್ಷದವನು ಇಟ್ಟಿಗೆ ಒಡೆಯದೆ ಕೈದಿಗಳ ಮೂಳೆ ಮುರೀಬೇಕಾ?

ಡಿಜಿಟಲ್ ಹಾಸನ:
ನಾನು ಆ ವಯಸ್ಸಲ್ಲಿ ಸೈಬರ್ ಕೆಫೆಯಲ್ಲಿ ಇದಕ್ಕಿಂತ ಜಾಸ್ತಿ ಆಡಿದ್ದೆ. ಏನೂ ಆಗಿಲ್ಲ.

ವೀಟಾ ಮೈಸೂರು:
ಆಗಿದೆ. ಟ್ಯಾಕ್ಸ್ ನೋಡದೆ ಡಾಲರ್ ಕೂಡಿಸ್ತಿದ್ದೀರಿ.

ದಾವಣಗೆರೆ ಚಿಕ್ಕಮ್ಮ:
ಎಡಿಸನ್ ಅಕ್ಕನಿಗೆ ಥ್ಯಾಂಕ್ಸ್. ಲೆಗೊದು ಆದರೂ ಕಾರ್ಟ್ರಿಜ್‌ನಲ್ಲೇ ಪೂರ್ತಿ ಇರುತ್ತಾ? ಲೈಟ್‌ಗೂ ಆ ಮೆಮೊರಿ ಕಾರ್ಡ್ ಬೇಕಾ? ಅಕ್ಕನ ಮನೆಯಲ್ಲಿ ವೈಫೈ ಅಷ್ಟಕ್ಕಷ್ಟೇ.

ಪಿಎಸ್‌ಪಿ ಪುತ್ತೂರು:
ಫೋಟೊ ಹಾಕಿದ್ದೇನೆ. ಡಬ್ಬ, ಯುಎಂಡಿ, ಬಿಲ್ಲು ಮೂರೂ ಉಂಟು. ಮೈಸೂರಿನವರು ಈಗ ಮಾತಾಡಲಿ.

ವೀಟಾ ಮೈಸೂರು:
ಬಿಲ್ಲಿನಲ್ಲಿ ಗೇಮ್ ಹೆಸರೇ ಇಲ್ಲ. "ಸಿಡಿ 1" ಅಂತಿದೆ.

ರಾತ್ರಿಗಾವಲು:
ಮೇಡಂ, ಟ್ರಿಲಜಿಯೇ ಬೇಕು ಅನ್ನಿಸಿದರೆ ನನ್ನದು ಇದೆ. ಗೀರು ಇಲ್ಲ. 3,400ಕ್ಕೆ ಕೊಡ್ತೀನಿ, ಕೊರಿಯರ್ ನಿಮ್ಮದು.

ಡೆಕ್ ಧಾರವಾಡ:
ಇಷ್ಟೊತ್ತು ಬೈದದ್ದು ಅದನ್ನೇ ಅಲ್ರೀ?

ರಾತ್ರಿಗಾವಲು:
ನೈಟ್ ಬೈದೆ. ಇನ್ನೆರಡು ಚೆನ್ನಾಗಿದೆ ಅಂತ ಮೊದಲೇ ಬರೆದಿದ್ದೀನಿ, ಮೇಲೆ ಓದು. 128 ಜಿಬಿ ಕಾರ್ಡ್ ಸೇರಿಸಿ 4,200.