ಚೆಂಡು ಎಸೆಯೋ ಮೊದಲೇ ಔಟ್!

ಗುಂಪು: ಮನೆಮಂದಿ
ಭಾನುವಾರ

ಕಿರಣ: (ಫಾರ್ವರ್ಡ್ ಮಾಡಿದ ವಿಡಿಯೊ) ನೋಡಿ ಅಮೆರಿಕದವರ ಬೇಸ್‌ಬಾಲ್ ಆಟ. ಚೆಂಡು ಎಸೆಯೋ ಮೊದಲೇ ಔಟ್! ಅಂಪೈರ್ ಮಣಿಕಟ್ಟು ತಟ್ಟಿ ತೋರಿಸುತ್ತಾನೆ, ಬ್ಯಾಟ್ ಹಿಡಿದವನು ಪೆಚ್ಚಾಗಿ ನಿಂತಿದ್ದಾನೆ. ವಿನಯಣ್ಣ, ಇದನ್ನ ನೋಡೋಕೆ ನೀನು ದುಡ್ಡು ಕೊಟ್ಟು ಹೋಗ್ತೀಯಾ?

ವಿನಯ: ಇದು ಹಳೇ ವಿಡಿಯೊ ಕಣೋ. 2023ರ ಫೆಬ್ರವರಿ 25. ಸೀಸನ್ ಶುರುವಾಗೋ ಮುಂಚೆ ಫ್ಲೋರಿಡಾದಲ್ಲಿ ಆಡೋ ಅಭ್ಯಾಸ ಪಂದ್ಯ, ಬ್ರೇವ್ಸ್ ಮತ್ತು ರೆಡ್ ಸಾಕ್ಸ್ ತಂಡದ್ದು. ಆ ವರ್ಷವೇ ಪಿಚ್ ಕ್ಲಾಕ್ ಬಂದಿದ್ದು, ಅಂದ್ರೆ ಮುಂದಿನ ಚೆಂಡಿಗೆ ಇಷ್ಟೇ ಸೆಕೆಂಡ್ ಅಂತ ಎಣಿಸೋ ಗಡಿಯಾರ. ಬ್ಯಾಟರ್ ಹೊತ್ತಿಗೆ ಸರಿಯಾಗಿ ತಯಾರಾಗಲಿಲ್ಲ, ಅದಕ್ಕೆ ಒಂದು ಸ್ಟ್ರೈಕ್ ಬಿತ್ತು. ಅದು ಮೂರನೇದು, ಅದಕ್ಕೇ ಔಟ್.

ಕಿರಣ: ಹಳೇದಾದರೇನು, ನಿಯಮ ಈಗಲೂ ಇದೆ ತಾನೆ?

ವಿನಯ: ಇದೆ. ಮಜಾ ಏನು ಗೊತ್ತಾ, ಆಗ ಸ್ಕೋರು 6-6, ಒಂಬತ್ತನೇ ಇನ್ನಿಂಗ್ಸ್, ಮೂರು ಬೇಸ್‌ನಲ್ಲೂ ಜನ, ಎರಡು ಔಟ್, ಮೂರು ಬಾಲ್ ಎರಡು ಸ್ಟ್ರೈಕ್. ಪಿಚರ್ ಅಂದ್ರೆ ಬೌಲರ್, ಅವನ ತಪ್ಪಿಗೆ ಬೀಳೋದು ಬಾಲ್, ನಾಲ್ಕಾದರೆ ಬ್ಯಾಟರ್‌ಗೆ ಫಸ್ಟ್ ಬೇಸ್ ಫ್ರೀ. ಇನ್ನೊಂದು ಬಾಲ್ ಸಿಕ್ಕಿದ್ದರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಹೋಗಿ ಒಂದು ರನ್, ಪಂದ್ಯವೇ ಗೆದ್ದಂತೆ. ತಪ್ಪು ಪಿಚರ್‌ದು ಅಂದುಕೊಂಡು ಆ ಹುಡುಗ ಗೆದ್ದೆ ಅಂತ ಫಸ್ಟ್ ಬೇಸ್ ಕಡೆ ಹೊರಟೇಬಿಟ್ಟಿದ್ದ, ಪಾಪ.

ರಾಮು ದೊಡ್ಡಪ್ಪ: ಅನ್ಯಾಯ. ಆಟದಲ್ಲಿ ಗಡಿಯಾರಕ್ಕೇನು ಕೆಲಸ.

ಅನು: ಕಿರಣ, ಒಂದು ಪ್ರಶ್ನೆ. 2023ರ ವಿಶ್ವಕಪ್‌ನಲ್ಲಿ ಏಂಜೆಲೊ ಮ್ಯಾಥ್ಯೂಸ್ ಹೆಲ್ಮೆಟ್ ಪಟ್ಟಿ ಕಿತ್ತುಹೋಗಿ ನಿಂತಿದ್ದಾಗ ಶಕೀಬ್ ಟೈಮ್ಡ್ ಔಟ್ ಕೇಳಿದ. ಅವನಂತೂ ಒಂದೂ ಬಾಲ್ ಆಡದೇ ಔಟ್ ಆದ. ಆಗ ಇದೇ ಗುಂಪಿನಲ್ಲಿ ಮೂರು ದಿನ ರೂಲ್ ಅಂದ್ರೆ ರೂಲ್ ಅಂತ ಕೂಗಾಡಿದ್ದು ಯಾರು?

ಕಿರಣ: ಅದು ಬೇರೆ. ಅದು ಎರಡು ನಿಮಿಷ. ಇದು 15 ಸೆಕೆಂಡ್!

ಸುಧಾ ಅತ್ತೆ: ಎಲ್ಲರೂ ಕಾಫಿ ಆಯ್ತಾ?

ವಿನಯ: 15 ಸೆಕೆಂಡ್ ಯಾರೂ ಬೇಸ್‌ನಲ್ಲಿ ಇಲ್ಲದಿದ್ದಾಗ. ಯಾರಾದರೂ ಇದ್ದರೆ 18, ಮೊದಲ ವರ್ಷ 20 ಇತ್ತು. ಪಿಚರ್ ಅಷ್ಟರೊಳಗೆ ಎಸೆಯೋಕೆ ಶುರು ಮಾಡಬೇಕು. ಬ್ಯಾಟರ್ 8 ಸೆಕೆಂಡ್ ಉಳಿದಿರುವಾಗಲೇ ತಯಾರಾಗಿ ಪಿಚರ್ ಕಡೆ ನೋಡಬೇಕು. ಇಷ್ಟೇ. ಮುಂಚೆ ಏನಾಗುತ್ತಿತ್ತು ಅಂತ ನೀನು ನೋಡಿಲ್ಲ. ಒಂದು ಪಿಚ್ (ಎಸೆತ) ಆದಮೇಲೆ ಬ್ಯಾಟರ್ ತಾನು ನಿಲ್ಲೋ ಚೌಕದಿಂದ ಆಚೆ ಬರುತ್ತಾನೆ, ಎಡಗೈ ಗ್ಲವ್ಸ್ ಪಟ್ಟಿ ಬಿಚ್ಚಿ ಕಟ್ಟುತ್ತಾನೆ, ಬಲಗೈದು ಬಿಚ್ಚಿ ಕಟ್ಟುತ್ತಾನೆ, ಬ್ಯಾಟನ್ನು ಒಂದು ಸಲ ಬೀಸುತ್ತಾನೆ, ಶೂ ತುದಿಯಲ್ಲಿ ಮಣ್ಣು ಕೆದರುತ್ತಾನೆ, ಆಕಾಶ ನೋಡುತ್ತಾನೆ. ಅಷ್ಟು ಹೊತ್ತೂ ಪಿಚರ್ ಅಲ್ಲಿ ಚೆಂಡು ಉಜ್ಜುತ್ತಾ ನಿಂತಿರುತ್ತಾನೆ. ಆ ಗ್ಲವ್ಸ್ ಬಿಚ್ಚೋಕೆ ಕಾರಣವೇ ಇಲ್ಲ, ಯಾಕಂದ್ರೆ ಆ ಪಿಚ್‌ಗೆ ಅವನು ಬ್ಯಾಟ್ ಬೀಸಿರೋದೇ ಇಲ್ಲ!

ಅನು: 😂 ಹೌದು ಅಣ್ಣ

ವಿನಯ: 2021ರಲ್ಲಿ ಒಂಬತ್ತು ಇನ್ನಿಂಗ್ಸ್ ಪಂದ್ಯಕ್ಕೆ ಸರಾಸರಿ 3 ಗಂಟೆ 10 ನಿಮಿಷ ಹಿಡಿಯುತ್ತಿತ್ತು. 2023ಕ್ಕೆ 2 ಗಂಟೆ 40 ನಿಮಿಷದ ಹತ್ತಿರ ಬಂತು. 2024ರಲ್ಲಿ 2 ಗಂಟೆ 36. ಅದೇ ಒಂಬತ್ತು ಇನ್ನಿಂಗ್ಸ್, ಅದೇ 27 ಔಟ್. ಒಂದು ಪಿಚ್ಚನ್ನೂ ಯಾರೂ ಕದ್ದಿಲ್ಲ.

ರಾಮು ದೊಡ್ಡಪ್ಪ: ವಿನಯಾ, ನಿನ್ನ ಲೆಕ್ಕ ಸರಿ ಇರಬಹುದು. ಆದರೆ 2024ರ ಜುಲೈನಲ್ಲಿ ನೀನೇ ನನ್ನನ್ನು ಸ್ಯಾನ್ ಫ್ರಾನ್ಸಿಸ್ಕೊದ ಓರಾಕಲ್ ಪಾರ್ಕ್‌ಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ. ಜುಲೈ ಅಂತ ತೆಳು ಶರಟು ಹಾಕಿಕೊಂಡು ಬಂದೆ, ಸಮುದ್ರದ ಗಾಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು, ಕೊನೆಗೆ ನಿನ್ನ ಕಾರಿನಲ್ಲಿದ್ದ ಮಂಕಿ ಟೋಪಿ ಹಾಕಿಕೊಂಡು ಕೂತೆ. ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಮುದುಕ, ನನಗಿಂತ ದೊಡ್ಡವನು. ತೊಡೆ ಮೇಲೆ ಸ್ಕೋರ್ ಪುಸ್ತಕ, ಕಿವಿ ಮೇಲೆ ಪೆನ್ಸಿಲ್. ಪ್ರತಿ ಆಟಗಾರನಿಗೂ ಒಂದು ಚೌಕ. ಬ್ಯಾಟ್ ಬೀಸಿ ಚೆಂಡು ತಪ್ಪಿ ಔಟಾದರೆ ಕೆ ಅಂತ ಇಂಗ್ಲಿಷ್ ಅಕ್ಷರ. ಸುಮ್ನೆ ನೋಡುತ್ತಾ ನಿಂತು ಔಟಾದರೆ ಅದೇ ಕೆ, ಆದರೆ ಕನ್ನಡಿಯಲ್ಲಿ ಕಾಣೋ ಹಾಗೆ ತಿರುಗಿಸಿ ಬರೀಬೇಕು. ಅದನ್ನು ನನಗೆ ಹೇಳಿಕೊಡುವಷ್ಟರಲ್ಲಿ ಆ ಕಡೆ ಇನ್ನೆರಡು ಪಿಚ್ ಹೋಗಿಬಿಟ್ಟಿತ್ತು. ಅವನು ಗಡಿಯಾರದ ಕಡೆ ಪೆನ್ಸಿಲ್ ತೋರಿಸಿ ತಲೆ ಅಲ್ಲಾಡಿಸಿದ. ಮುಂಚೆ ಬರೆಯೋದು, ಪಕ್ಕದವನ ಹತ್ತಿರ ಮಾತಾಡೋದು, ಮುಂದಿನ ಪಿಚ್ ಏನಿರಬಹುದು ಅಂತ ಊಹೆ ಮಾಡೋದು ಎಲ್ಲಕ್ಕೂ ಬಿಡುವಿತ್ತಂತೆ. ಸಂತೆಗೆ ಹೋಗೋದು ಬರೀ ತರಕಾರಿ ತರೋಕಾ ಹೇಳು.

ಕಿರಣ: ಅಪ್ಪ ನನ್ನ ಪಾರ್ಟಿ 💪

ಅನು: ದೊಡ್ಡಪ್ಪ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ನೀವು ರಿಟೈರ್ಡ್. ನನ್ನ ಕಥೆ ಕೇಳಿ. ಇಲ್ಲಿ ಶಿಕಾಗೋದಲ್ಲಿ ರಿಗ್ಲಿ ಫೀಲ್ಡ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗೋದು ಅಂದರೆ ಮುಂಚೆ ಅರ್ಧ ಪಂದ್ಯ ಅಂತಲೇ ಲೆಕ್ಕ. 7 ಗಂಟೆ ದಾಟಿ ಶುರು, ಆರನೇ ಇನ್ನಿಂಗ್ಸ್ ಹೊತ್ತಿಗೆ 9 ಗಂಟೆ, ಚಿಕ್ಕವಳು ನನ್ನ ಹೆಗಲ ಮೇಲೆ ನಿದ್ದೆ, ದೊಡ್ಡವನಿಗೆ ಬೆಳಿಗ್ಗೆ ಸ್ಕೂಲು. ಎದ್ದು ರೈಲು ಹಿಡಿಯೋದು. ಹಿಂದೆ ಹೋ ಅಂತ ಸದ್ದು ಕೇಳಿದರೆ ಯಾರು ಹೊಡೆದರು ಅಂತ ಫೋನ್‌ನಲ್ಲಿ ನೋಡಬೇಕು. ಎಷ್ಟೋ ವರ್ಷ ನನ್ನ ಮಕ್ಕಳು ಪಂದ್ಯದ ಕೊನೆಯನ್ನು ಕಣ್ಣಾರೆ ನೋಡಿಯೇ ಇರಲಿಲ್ಲ. ಗಡಿಯಾರ ಬಂದಮೇಲೆ 9 ಮುಕ್ಕಾಲಿಗೆಲ್ಲ ಮುಗಿಯುತ್ತೆ. ನನಗಂತೂ ಅದೇ ದೊಡ್ಡದು.

ಕಿರಣ: ಹಾಗಾದ್ರೆ ಜಾಹೀರಾತು ಕಡಿಮೆ ಮಾಡಲಿ! ಪ್ರತಿ ಅರ್ಧ ಇನ್ನಿಂಗ್ಸ್ ಆದಮೇಲೆ ಬ್ರೇಕ್ ಇದೆ ತಾನೆ? ಅದಕ್ಕೆ ಯಾಕೆ ಯಾರೂ ಕೈ ಹಾಕಲ್ಲ?

ವಿನಯ: ಇದೊಂದು ಮಾತು ಸರಿ ಹೇಳಿದೆ ನೋಡು. ಒಂಬತ್ತು ಇನ್ನಿಂಗ್ಸ್ ಪೂರ್ತಿ ನಡೆದರೆ ಮಧ್ಯೆ 17 ಬ್ರೇಕ್. ಒಂದೊಂದು ಎರಡು ನಿಮಿಷ ಅಂದರೂ ಅರ್ಧ ಗಂಟೆಗಿಂತ ಜಾಸ್ತಿ. ಕತ್ತರಿ ಬಿದ್ದಿದ್ದು ಆಟಗಾರನ ಗ್ಲವ್ಸ್ ಪಟ್ಟಿಗೆ, ಕಾರು, ಬಿಯರ್ ಜಾಹೀರಾತಿಗೆ ಅಲ್ಲ. ಬಿಯರ್ ಅಂದಾಗ ನೆನಪಾಯ್ತು, ಪಂದ್ಯ ಬೇಗ ಮುಗಿಯುತ್ತೆ ಅಂತ 2023ರಲ್ಲಿ ಕೆಲವು ತಂಡಗಳು ಏಳನೇ ಇನ್ನಿಂಗ್ಸ್‌ಗೆ ನಿಲ್ಲಿಸುತ್ತಿದ್ದ ಬಿಯರ್ ಮಾರಾಟವನ್ನು ಎಂಟನೇದರವರೆಗೂ ಎಳೆದವು. ಅವರ ಲೆಕ್ಕ ಅವರಿಗೆ.

ಅನು: ಐಪಿಎಲ್‌ನಲ್ಲಿ ಎರಡೂವರೆ ನಿಮಿಷದ ಟೈಮ್‌ಔಟ್ ಒಂದು ಪಂದ್ಯಕ್ಕೆ ನಾಲ್ಕು ಸಲ ಬರುತ್ತೆ, ಅದನ್ನ ಬಾಯಿ ಮುಚ್ಚಿಕೊಂಡು ನೋಡೋರು ಯಾರಪ್ಪಾ

ಕಿರಣ: ಅದು ಸ್ಟ್ರಾಟೆಜಿಕ್ 😎

ಆದಿ: ಚಿಕ್ಕಪ್ಪ, ಕ್ಲಾಕ್ ಬಂದಮೇಲೆ ಓಟ ಜಾಸ್ತಿ ಆಗಿದೆ, ಅದನ್ನ ಯಾರೂ ಹೇಳ್ತಿಲ್ಲ. ಪಿಚರ್ ಈಗ ಬೇಸ್‌ನಲ್ಲಿ ಇರೋನನ್ನು ಹೆದರಿಸೋಕೆ ಒಬ್ಬ ಬ್ಯಾಟರ್‌ಗೆ ಎರಡೇ ಸಲ ಆ ಬೇಸ್ ಕಡೆ ಚೆಂಡು ಎಸೆಯಬಹುದು ಅಥವಾ ಪಿಚ್ ಮಾಡೋ ಪಟ್ಟಿಯಿಂದ ಕಾಲು ತೆಗೆಯಬಹುದು. ಮೂರನೇ ಸಲ ಔಟ್ ಮಾಡದಿದ್ದರೆ ಓಡೋನಿಗೆ ಒಂದು ಬೇಸ್ ಫ್ರೀ. ಬೇಸ್ ಅಗಲವೂ 15 ಇಂಚಿಂದ 18 ಇಂಚು ಆಯ್ತು. 2022ರಲ್ಲಿ ಲೀಗ್ ಪೂರ್ತಿ ಕದ್ದ ಬೇಸ್ 2,486, 2023ರಲ್ಲಿ 3,503. ಬ್ರೇವ್ಸ್‌ನ ಅಕುನ್ಯಾ ಒಬ್ಬನೇ 73.

ಸುಧಾ ಅತ್ತೆ: ಕದಿಯೋದು ಅಂದರೇನು ಪುಟ್ಟಾ?

ಆದಿ: ಪಿಚರ್ ಎಸೆಯೋ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿಬಿಡೋದು ಅಜ್ಜಿ. ಕಳ್ಳತನ ಅಲ್ಲ 😄

ಆದಿ: ಆದರೆ ನನಗೆ ಒಂದು ಡೌಟು. ನಾನು ಪಿಚ್ ಮಾಡ್ತೀನಲ್ಲ, ಜೋರಾಗಿ ಎರಡು ಎಸೆದಮೇಲೆ ತೋಳು ಸ್ವಲ್ಪ ಹೊತ್ತು ಕೇಳುತ್ತೆ. 2024ರಲ್ಲಿ ಆಟಗಾರರ ಸಂಘದವರೂ ಗಡಿಯಾರದ ಸೆಕೆಂಡ್ ಇನ್ನೂ ಇಳಿಸಿದ್ದಕ್ಕೆ ತೋಳಿಗೆ ತೊಂದರೆ ಅಂತ ಸಿಟ್ಟಾಗಿದ್ದರು. ಲೀಗ್‌ನವರು ಒಪ್ಪಲಿಲ್ಲ, ವರ್ಷ ವರ್ಷ ವೇಗ ಜಾಸ್ತಿ ಆಗಿದ್ದೇ ಕಾರಣ ಅಂದರು.

ವಿನಯ: ಅದು ಇನ್ನೂ ತೀರ್ಮಾನ ಆಗಿಲ್ಲ. ನೀನು ಮೊದಲು ಐಸ್ ಇಟ್ಟುಕೋ.

ರಾಮು ದೊಡ್ಡಪ್ಪ: ನಮ್ಮ ಪ್ರಸನ್ನ, ಚಂದ್ರಶೇಖರ್ ಬೌಲಿಂಗ್ ಮಾಡುತ್ತಿದ್ದ ಕಾಲದಲ್ಲಿ ಗಡಿಯಾರ ಬೇಕೇ ಇರಲಿಲ್ಲ. ನಾಲ್ಕು ಹೆಜ್ಜೆ, ಎಸೆತ. ಓವರ್ ಮುಗೀತು. ನಾವು ಟ್ರಾನ್ಸಿಸ್ಟರ್ ಕಿವಿಗೆ ಇಟ್ಟುಕೊಂಡು ಐದು ದಿನ ಕೇಳುತ್ತಿದ್ದೆವು, ಯಾರಿಗೂ ಬೇಜಾರು ಬರಲಿಲ್ಲ.

ವಿನಯ: ದೊಡ್ಡಪ್ಪ, ನಾನು ಬೆಳಗ್ಗೆಯಿಂದ ಹೇಳ್ತಿರೋದೇ ಅದು! ನೀವು ನಿಧಾನ ಬೇಕು ಅಂತೀರಿ, ಆದರೆ ನೀವು ಹೊಗಳ್ತಿರೋದು ಚುರುಕಾಗಿ ಬೌಲ್ ಮಾಡೋರನ್ನ. ಉದ್ದ ಬೇರೆ, ಎಳೆದಾಟ ಬೇರೆ. 1920ರ ಮೇ 1ರಂದು ಬಾಸ್ಟನ್‌ನಲ್ಲಿ ಒಂದು ಪಂದ್ಯ 26 ಇನ್ನಿಂಗ್ಸ್ ನಡೀತು. ಮೂರು ಪಂದ್ಯಕ್ಕೆ ಒಂದೇ ಇನ್ನಿಂಗ್ಸ್ ಕಡಿಮೆ. ಎರಡೂ ಕಡೆ ಒಬ್ಬೊಬ್ಬನೇ ಪಿಚರ್, ಕ್ಯಾಡೋರ್ ಮತ್ತು ಓಶ್ಗರ್, ಮೊದಲಿಂದ ಕೊನೆವರೆಗೂ ಅವರೇ ಎಸೆದರು. 1-1ಕ್ಕೆ ಕತ್ತಲಾಯ್ತು ಅಂತ ನಿಲ್ಲಿಸಿದರು. ಎಷ್ಟು ಹೊತ್ತು ಹಿಡೀತು ಹೇಳಿ?

ಸುಧಾ ಅತ್ತೆ: ಹತ್ತು ಗಂಟೆ?

ವಿನಯ: 3 ಗಂಟೆ 50 ನಿಮಿಷ ಅತ್ತೆ. 2021ರಲ್ಲಿ ಒಂಬತ್ತು ಇನ್ನಿಂಗ್ಸ್‌ಗೇ ಮೂರು ಗಂಟೆ ದಾಟುತ್ತಿತ್ತು.

ಕಿರಣ: ಆಗ ಟಿವಿ ಜಾಹೀರಾತು ಇರಲಿಲ್ಲ 🙂 ನಾನು ಹೇಳಿದ್ದೇ ಸರಿ.

ವಿನಯ: ಅರ್ಧ ಸರಿ.

ರಾಮು ದೊಡ್ಡಪ್ಪ: ಹಾಗಾದರೆ ಕಳೆದ ಅಕ್ಟೋಬರ್‌ದು? 2025ರ ವರ್ಲ್ಡ್ ಸೀರೀಸ್ ಫೈನಲ್, ಮೂರನೇ ಪಂದ್ಯ. ನಾನು ಬೆಳಗಿನ ಕಾಫಿ ಲೋಟ ಹಿಡಿದಾಗ ನೀನು ಶುರುವಾಯ್ತು ಅಂತ ಮೆಸೇಜ್ ಹಾಕಿದೆ. ಇಲ್ಲಿ ಊಟಕ್ಕೆ ಕೂರೋ ಹೊತ್ತಾದರೂ ಮುಗಿದಿರಲಿಲ್ಲ. ಗಡಿಯಾರ ಎಲ್ಲಿಗೆ ಹೋಗಿತ್ತು?

ವಿನಯ: ಗಡಿಯಾರ ಅಲ್ಲೇ ಇತ್ತು. ಡಾಡ್ಜರ್ಸ್, ಬ್ಲೂ ಜೇಸ್, 18 ಇನ್ನಿಂಗ್ಸ್, 6 ಗಂಟೆ 39 ನಿಮಿಷ. ಕೊನೆಗೆ ಫ್ರೆಡ್ಡಿ ಫ್ರೀಮನ್ ಹೋಮ್ ರನ್ ಹೊಡೆದ, 6-5. ಡಾಡ್ಜರ್ಸ್‌ನ ಓಹ್ಟಾನಿ ಒಂಬತ್ತು ಸಲ ಬೇಸ್ ಮುಟ್ಟಿದ. ನಾನು ಜೈಂಟ್ಸ್ ಕಡೆಯವನು, ಡಾಡ್ಜರ್ಸ್ ಗೆದ್ದರೆ ನನಗೆ ಅನ್ನ ಇಳಿಯಲ್ಲ, ಆದರೂ ಮಧ್ಯರಾತ್ರಿವರೆಗೂ ಎದ್ದಿದ್ದೆ. ಗಡಿಯಾರ ಹೇಳೋದು ಮುಂದಿನ ಚೆಂಡು ಯಾವಾಗ ಅಂತ ಮಾತ್ರ. ಪಂದ್ಯ ಯಾವಾಗ ಮುಗೀಬೇಕು ಅಂತ ಅದು ಹೇಳಲ್ಲ. ನನಗೆ ಹೊಟ್ಟೆ ಉರಿಯೋ ನಿಯಮ ಬೇರೆ ಇದೆ. ಲೀಗ್ ಪಂದ್ಯದಲ್ಲಿ ಹತ್ತನೇ ಇನ್ನಿಂಗ್ಸ್‌ನಿಂದ ಸೆಕೆಂಡ್ ಬೇಸ್‌ನಲ್ಲಿ ಒಬ್ಬನನ್ನು ಸುಮ್ನೆ ತಂದು ನಿಲ್ಲಿಸುತ್ತಾರೆ, ಬೇಗ ಮುಗೀಲಿ ಅಂತ. ಅವನು ಏನೂ ಹೊಡೆದಿಲ್ಲ, ಓಡಿಲ್ಲ. 2020ರಲ್ಲಿ ಕೋವಿಡ್ ಅಂತ ತಂದರು, 2023ರಲ್ಲಿ ಕಾಯಂ ಮಾಡಿಬಿಟ್ಟರು. ಪ್ಲೇಆಫ್‌ನಲ್ಲಿ ಅದಿಲ್ಲ, ಅದಕ್ಕೇ 18 ಇನ್ನಿಂಗ್ಸ್ ನೋಡೋಕೆ ಸಿಕ್ಕಿತು.

ರಾಮು ದೊಡ್ಡಪ್ಪ: ಇದು ಮೋಸ. ಇದಕ್ಕೆ ನಾನು ನಿನ್ನ ಕಡೆ.

ಅನು: ನಾನಿಲ್ಲ. ನನ್ನ ಮಕ್ಕಳು ಮಲಗಬೇಕು.

ರಾಮು ದೊಡ್ಡಪ್ಪ: (ವಾಯ್ಸ್ ಮೆಸೇಜ್, 7 ನಿಮಿಷ 12 ಸೆಕೆಂಡ್)

ಕಿರಣ: ಅಪ್ಪಾ!! ಬರೀರಿ

ಅನು: 15 ಸೆಕೆಂಡ್ ಆಯ್ತು ದೊಡ್ಡಪ್ಪ, ಒಂದು ಬಾಲ್ ಕೊಟ್ಟೆ

ರಾಮು ದೊಡ್ಡಪ್ಪ: ಕೇಳಿಸಿಕೊಳ್ಳೋಕೂ ಪುರುಸೊತ್ತಿಲ್ಲ ಇವರಿಗೆ. ಇರಲಿ. (ಫೋಟೊ) ಬೀರು ತೆಗೆದೆ, ಸಿಕ್ಕಿತು. ಆ ಮುದುಕ ತನ್ನ ಪುಸ್ತಕದಿಂದ ಒಂದು ಹಾಳೆ ಹರಿದು ಪೆನ್ಸಿಲ್ ಕೊಟ್ಟು ನನ್ನ ಕೈಯಲ್ಲೇ ಬರೆಸಿದ್ದ. ನೋಡಿ, ಮೂರನೇ ಸಾಲಿನಲ್ಲಿ ತಿರುಗಿಸಿದ ಕೆ.

ಆದಿ: ತಾತ ಸೂಪರ್!! ಎಲ್ಲ ಸರಿಯಾಗಿ ಬರೆದಿದ್ದೀರ. ಆದರೆ ಏಳನೇ ಇನ್ನಿಂಗ್ಸ್‌ನಿಂದ ಖಾಲಿ ಇದೆ?

ರಾಮು ದೊಡ್ಡಪ್ಪ: ಅಷ್ಟು ಬೇಗ ಬೇಗ ಎಸೆದರೆ ಯಾರು ಬರೆಯುತ್ತಾರೆ. ಗಡಿಯಾರದ ಕಾಟ.

ಕಿರಣ: ಅಮ್ಮ ಪಕ್ಕದಲ್ಲೇ ಇದ್ದಾರೆ. ಗಾರ್ಲಿಕ್ ಫ್ರೈಸ್ ಒಂದು ಪೂರ್ತಿ ತಟ್ಟೆ ಖಾಲಿ ಮಾಡಿ, ಮಂಕಿ ಟೋಪಿ ಕಣ್ಣಿನವರೆಗೆ ಎಳೆದುಕೊಂಡು ಗೊರಕೆ ಹೊಡೆದರು ಅಂತಿದ್ದಾರೆ.

ರಾಮು ದೊಡ್ಡಪ್ಪ: ಚಳಿಗೆ ಕಣ್ಣು ಮುಚ್ಚಿದ್ದೆ ಅಷ್ಟೆ.

ಆದಿ: ಪರವಾಗಿಲ್ಲ ತಾತ. ಯಾವ ದಿನ ಅಂತ ಹೇಳಿ, ಪ್ರತಿ ಪಿಚ್‌ದೂ ಆನ್‌ಲೈನ್‌ನಲ್ಲಿ ಇದೆ. ಉಳಿದ ಮೂರು ಇನ್ನಿಂಗ್ಸ್ ನಾನು ತುಂಬಿಸಿ ಕಳಿಸ್ತೀನಿ.

ರಾಮು ದೊಡ್ಡಪ್ಪ: ಬೇಡ ಪುಟ್ಟಾ. ನಾನು ನೋಡಿಲ್ಲದ್ದು ಖಾಲಿಯೇ ಇರಲಿ.