ಅಪ್‌ಡೇಟ್: ಕಾರಿನ ಗುಂಯ್ ಸದ್ದು ಹೋಯಿತು, ಕಾರಣ ಅರ್ತ್

ಎಕ್ಸಲರೇಟರ್ ಒತ್ತಿದಷ್ಟೂ ಸ್ಪೀಕರಿನಲ್ಲಿ ಗುಂಯ್ ಸದ್ದು ಏರುತ್ತದೆ, ಆಂಪ್ಲಿಫೈಯರ್ ಕೆಟ್ಟಿದೆಯಾ ಅಂತ ಇಲ್ಲಿ ಕೇಳಿದ್ದೆ. ಆಂಪ್ ಚೆನ್ನಾಗಿಯೇ ಇದೆ!

ನೀವು ಹೇಳಿದಂತೆ ಮೊದಲು ಸ್ಟೀರಿಯೋದಿಂದ ಆಂಪ್‌ಗೆ ಹಾಡಿನ ಸಿಗ್ನಲ್ ತರುವ ಆರ್‌ಸಿಎ ವೈರ್ ಕಿತ್ತೆ. ಸದ್ದು ನಿಂತಿತು, ಅಂದರೆ ಆಂಪ್ ತಾನಾಗಿ ಸದ್ದು ಮಾಡುತ್ತಿಲ್ಲ. ಆಮೇಲೆ ಎಂಜಿನ್ ಚಾಲೂ ಇಟ್ಟು, ಹಾಡು ಜೋರು ಮಾಡಿ, ಆಂಪ್ ಅರ್ತಿಗೂ (ಕಾರಿನ ಬಾಡಿಗೆ ಕಟ್ಟಿದ ಮೈನಸ್ ವೈರ್) ಬ್ಯಾಟರಿ ಮೈನಸ್‌ಗೂ ನಡುವೆ ಮಲ್ಟಿಮೀಟರ್ ಹಿಡಿದೆ. 0.6 ವೋಲ್ಟ್. ಅಷ್ಟು ಇರಲೇಬಾರದು ಅಲ್ವಾ?

ಸೀಟಿನ ಕೆಳಗೆ ಆ ಅರ್ತ್ ವೈರ್ ಕಟ್ಟಿದ್ದ ಬೋಲ್ಟ್ ಬಿಚ್ಚಿದೆ. ವಾಷರ್ ಅಡಿಯಲ್ಲಿ ಪೇಂಟ್ ಹಾಗೇ ಇತ್ತು, ವೈರ್ ತಗಡಿಗೆ ಸರಿಯಾಗಿ ತಾಗುತ್ತಿರಲಿಲ್ಲ. ಅಂಚಿನಿಂದ ಕಂದು ಪುಡಿ ಉದುರಿತು. ಮನೆ ಮಲ್ಪೆಯಲ್ಲಿ, ಉಪ್ಪುಗಾಳಿ ಯಾವುದನ್ನೂ ಬಿಡುವುದಿಲ್ಲ. ತಗಡು ಹೊಳೆಯುವವರೆಗೆ ಸ್ಯಾಂಡ್‌ಪೇಪರ್ ಉಜ್ಜಿದೆ. ವೈರ್ ತುದಿಗೆ ಹೊಸ ರಿಂಗ್ ಟರ್ಮಿನಲ್ (ಬೋಲ್ಟಿಗೆ ಹಾಕುವ ಬಳೆ) ಒತ್ತಿ ಕೂರಿಸಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದೆ. ಈಗ 0.03 ವೋಲ್ಟ್. ನಾಯ್ಸ್ ಫಿಲ್ಟರ್ ಬೇಕಾಗಲೇ ಇಲ್ಲ.

ಮಳೆ ಬಂದಾಗ ಸುಮ್ನೆ ಕೂಗುತ್ತಿದ್ದ ಅಲಾರಂ ಬೇರೆ ಕಥೆ. ಬಾನೆಟ್ ತೆರೆದರೆ ಅರ್ತ್ ಆಗಿ ಅಲಾರಂಗೆ ತಿಳಿಸುವ ಪಿನ್ ಸ್ವಿಚ್ಚಿಗೆ ನೀರು ಇಳಿದು ಅರ್ತ್ ಆಗುತ್ತಿತ್ತು. ಬಾನೆಟ್ ತೆರೆದಿದೆ ಅಂತ ಅಲಾರಂ ತಿಳಿಯುತ್ತಿತ್ತು. ಸ್ವಿಚ್ ಬದಲಿಸಿದೆ. ನಿನ್ನೆ ರಾತ್ರಿಯಿಡೀ ಜೋರು ಮಳೆ, ಒಮ್ಮೆಯೂ ಕೂಗಲಿಲ್ಲ. ಅರ್ತ್ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.